ಆರ್ಥಿಕ ಹಿಂಜರಿತ ಮತ್ತು ಆಸ್ಪತ್ರೆಗಳ ಹಣಕಾಸು

ಆರ್ಥಿಕ ಹಿಂಜರಿತದಲ್ಲಿ ಆಸ್ಪತ್ರೆಯ ವರಮಾನ ಕುಗ್ಗಬಹುದು. ವೆಚ್ಚ ಅದೇ ಪ್ರಮಾಣದಲ್ಲಿ ಕುಗ್ಗದು. 2020ರ ಮಾರ್ಚ್ 25ರಂದು ದೇಶಾದ್ಯಂತ ಲಾಕ್‌ಡೌನ್ ಜಾರಿಗೆ ಬರುವ ವೇಳೆಗೆ ಮುಂಬಯಿಯ ಮಾಟುಂಗದ ಉಡುಪಿ ಹೋಟೆಲುಗಳಲ್ಲಿ ಗ್ರಾಹಕರು ಕುಳಿತು ಉಣ್ಣುವುದು ನಿಂತಿತ್ತು. ಇಂಥ ಕಾಲದಲ್ಲಿ ದುಡಿಮೆ ತಪ್ಪಿದ ಕುಟುಂಬವು ಚಿಕಿತ್ಸೆಯನ್ನು ಮುಂದೂಡುತ್ತದೆ. ಇಲ್ಲವೇ ಖಾಸಗಿ ಆಸ್ಪತ್ರೆಯನ್ನು ಬಿಟ್ಟು, ಸಮೀಪದ ಸಯನ್‌ನ ಲೋಕಮಾನ್ಯ ತಿಲಕ್ ಆಸ್ಪತ್ರೆಯಂತಹ ಮಹಾನಗರಪಾಲಿಕೆಯ ಆಸ್ಪತ್ರೆಯನ್ನು ಆಶ್ರಯಿಸುತ್ತದೆ. ಖಾಸಗಿ ಆಸ್ಪತ್ರೆಗೆ ಶುಲ್ಕ ಇಳಿದರೂ ಸಿಬ್ಬಂದಿಯ ವೇತನ, ಸಾಲದ ಕಂತು ನಿಲ್ಲವು. ಸಾರ್ವಜನಿಕ ಆಸ್ಪತ್ರೆಯಲ್ಲಿ ರೋಗಿಗಳು ಹೆಚ್ಚುವ ವೇಳೆಗೇ ಅದನ್ನು ಪೋಷಿಸುವ ತೆರಿಗೆಯ ಆದಾಯ ತಗ್ಗುತ್ತದೆ. ಕಾರ್ಮಿಕರ ರಾಜ್ಯ ವಿಮಾ ಯೋಜನೆಯ ವಂತಿಗೆಯೂ ವೇತನವನ್ನೇ ಅವಲಂಬಿಸಿದೆ: 2019ರ ಜುಲೈಯಲ್ಲಿ ಅದನ್ನು ಮಾಲೀಕರಿಗೆ ಶೇ. 3.25, ನೌಕರರಿಗೆ ಶೇ. 0.75 ಎಂದು ಗೊತ್ತುಪಡಿಸಲಾಯಿತು. ವೇತನ ನಿಂತರೆ ವಂತಿಗೆಯೂ ನಿಲ್ಲುತ್ತದೆ. ಆದುದರಿಂದ ಸುಭಿಕ್ಷ ಕಾಲದಲ್ಲಿ ಕೂಡಿಟ್ಟ ಮೀಸಲು ನಿಧಿಯೇ ಸಂಕಷ್ಟ ಕಾಲದ ರೋಗಿಗೆ ಆಸರೆ.