ಮನೋರೋಗಗಳ ವಿಂಗಡಣೆ ಹೇಗೆ?

ಸುದ್ದಗುಂಟೆಪಾಳ್ಯದಿಂದ ಡೇರಿ ವೃತ್ತ ದಾಟಿ ಹೊಸೂರು ರಸ್ತೆ ಹಿಡಿದರೆ ಸ್ವಲ್ಪ ದೂರದಲ್ಲೇ ನಿಮ್ಹಾನ್ಸ್ ಸಿಗುತ್ತದೆ. ಈ ಭಾಗದ ಶಾಲೆ ಕಾಲೇಜುಗಳಿಗೆ ಹೋಗುವ ನಿಮ್ಮಲ್ಲಿ ಅನೇಕರು ದಿನವೂ ಬಸ್ಸಿನಲ್ಲಿ ಅದರ ಮುಂದೆ ಹಾದು ಹೋಗುತ್ತೀರಿ. ಸ್ವಲ್ಪ ವಿಚಿತ್ರವಾಗಿ ವರ್ತಿಸಿದ ಗೆಳೆಯನಿಗೆ "ನಿನ್ನನ್ನು ನಿಮ್ಹಾನ್ಸ್‌ಗೆ ಸೇರಿಸಬೇಕು ಕಣೋ" ಎಂದು ತಮಾಷೆ ಮಾಡುವುದೂ ಉಂಟು. ಈ ತಮಾಷೆಯಲ್ಲಿ ಮನಸ್ಸಿನ ಕಾಯಿಲೆಗಳೆಲ್ಲ 'ಹುಚ್ಚು' ಎಂಬ ಒಂದೇ ಚೀಲದಲ್ಲಿ ತುಂಬಿಹೋಗಿವೆ. ಜ್ವರ, ಮಧುಮೇಹ, ಮೂಳೆ ಮುರಿತಗಳನ್ನೆಲ್ಲ 'ಮೈ ಸರಿಯಿಲ್ಲ' ಎಂಬ ಒಂದೇ ಹೆಸರಿನಿಂದ ಕರೆದರೆ ವೈದ್ಯರಿಗೆ ಏನು ತಿಳಿದೀತು? ಇದೂ ಹಾಗೆಯೇ.

ಹೆಸರಿನ ಮಹತ್ವ ಈ ಸಂಸ್ಥೆಯ ಚರಿತ್ರೆಯಲ್ಲಿಯೂ ಕಾಣುತ್ತದೆ. ಬೆಂಗಳೂರಿನ 'ಲೂನಾಟಿಕ್ ಅಸೈಲಂ', ಅಂದರೆ ಹುಚ್ಚರ ಆಶ್ರಯ, 1925ರಲ್ಲಿ 'ಮಾನಸಿಕ ಆಸ್ಪತ್ರೆ' ಎಂಬ ಹೆಸರು ಪಡೆಯಿತು. ಕೂಡಿಹಾಕುವ ಜಾಗ ಚಿಕಿತ್ಸೆ ನೀಡುವ ಜಾಗವಾಗಬೇಕೆಂಬ ಆಶಯ ಆ ಬದಲಾವಣೆಯಲ್ಲಿದೆ. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. 1974ರ ಡಿಸೆಂಬರ್ 27ರಂದು ಎರಡೂ ಸೇರಿ ಇಂದಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾಯಿತು.

ವಿಂಗಡಿಸುವ ಪ್ರಯತ್ನ ನಮ್ಮಲ್ಲಿ ಹೊಸದೇನಲ್ಲ. ಚರಕಸಂಹಿತೆ ಉನ್ಮಾದವನ್ನು ಐದು ಬಗೆಯಾಗಿ ಹೇಳುತ್ತದೆ: ವಾತ, ಪಿತ್ತ, ಕಫಗಳಿಂದ ಒಂದೊಂದು, ಮೂರೂ ಕೂಡಿ ಒಂದು, ಹೊರಗಿನ ಕಾರಣದಿಂದ ಬರುವ ಆಗಂತುಕ ಒಂದು. ಅಪಸ್ಮಾರಕ್ಕೆ, ಎಂದರೆ ಮೂರ್ಛೆರೋಗಕ್ಕೆ, ಅಲ್ಲಿ ಬೇರೆಯೇ ಅಧ್ಯಾಯವಿದೆ. ಮೂರ್ಛೆರೋಗ ಮಿದುಳಿಗೆ, ನರಗಳಿಗೆ ಸಂಬಂಧಿಸಿದ ಕಾಯಿಲೆಯೇ ಹೊರತು ಮನೋರೋಗವಲ್ಲ ಎಂಬುದನ್ನು ಇಂದಿಗೂ ಎಷ್ಟೋ ಮನೆಗಳಲ್ಲಿ ತಿಳಿಸಿ ಹೇಳಬೇಕಾಗುತ್ತದೆ.

ಆಧುನಿಕ ವರ್ಗೀಕರಣಕ್ಕೆ ತಳಹದಿ ಹಾಕಿದವರು ಜರ್ಮನಿಯ ವೈದ್ಯ ಎಮಿಲ್ ಕ್ರೆಪೆಲಿನ್. ರೋಗಿ ಇಂದು ಹೇಗಿದ್ದಾನೆ ಎಂಬುದನ್ನಷ್ಟೇ ನೋಡದೆ, ಕಾಯಿಲೆ ವರ್ಷಗಳ ಮೇಲೆ ಯಾವ ದಾರಿ ಹಿಡಿಯಿತು ಎಂಬುದನ್ನೂ ಅವರು ಬರೆದಿಟ್ಟರು. ಯೋಚನೆಯೇ ಒಡೆದು ಹೋಗುವ ಕಾಯಿಲೆ ಒಂದು ಕಡೆ, ಅತಿ ಹಿಗ್ಗು ಅತಿ ಕುಗ್ಗುಗಳು ಬಂದು ಹೋಗುವ ಕಾಯಿಲೆ ಇನ್ನೊಂದು ಕಡೆ, ಹೀಗೆ 1899ರಲ್ಲಿ ಬೇರ್ಪಡಿಸಿದರು. ಮೊದಲನೆಯದಕ್ಕೆ 1908ರಲ್ಲಿ ಬ್ಲಾಯ್ಲರ್ ಇಟ್ಟ ಹೆಸರೇ ಸ್ಕಿಜೋಫ್ರೀನಿಯಾ. ಕನ್ನಡದಲ್ಲಿ ಇಚ್ಛಿತ್ತ ವಿಕಲತೆ ಎನ್ನುತ್ತಾರೆ.

ಹಳೆಯ ಪಠ್ಯಪುಸ್ತಕಗಳಲ್ಲಿ ನೀವು ಎರಡು ದೊಡ್ಡ ವರ್ಗಗಳನ್ನು ಕಾಣುತ್ತೀರಿ. ವಾಸ್ತವದ ಅರಿವೇ ತಪ್ಪುವುದು ಚಿತ್ತವಿಕಲತೆ. ಯಾರೂ ಇಲ್ಲದೆ ದನಿ ಕೇಳಿಸುತ್ತದೆ, ಊರೆಲ್ಲ ತನ್ನ ವಿರುದ್ಧ ಸಂಚು ಮಾಡುತ್ತಿದೆ ಎಂಬ ಗಟ್ಟಿ ನಂಬಿಕೆ ಹುಟ್ಟುತ್ತದೆ. ವಾಸ್ತವದ ಅರಿವಿದ್ದೂ ಮನಸ್ಸು ನರಳುವುದು ಚಿತ್ತಚಾಂಚಲ್ಯ. ಬಾಗಿಲಿಗೆ ಬೀಗ ಹಾಕಿದ್ದೇನೆಂದು ಗೊತ್ತಿದ್ದರೂ ಇಪ್ಪತ್ತು ಸಲ ಹಿಂತಿರುಗಿ ನೋಡುವ ಗೀಳಿನವರಿಗೆ ತಾವು ಮಾಡುತ್ತಿರುವುದು ಅತಿಯೆಂದು ಸಾಮಾನ್ಯವಾಗಿ ತಿಳಿದಿರುತ್ತದೆ. ಈ ಎರಡರ ಭೇದ ಅರ್ಥವಾಗುವುದಕ್ಕೆ ಸುಲಭ. ಆದರೆ ಎಲ್ಲವೂ ಇದರಲ್ಲಿ ಹಿಡಿಸುವುದಿಲ್ಲವಾಗಿ, ಇಂದಿನ ಪಟ್ಟಿಗಳು ಇದನ್ನು ಮುಖ್ಯ ಆಧಾರವಾಗಿ ಬಳಸುವುದಿಲ್ಲ.

ಇಂದು ಬಳಕೆಯಲ್ಲಿರುವ ಪಟ್ಟಿಗಳು ಮುಖ್ಯವಾಗಿ ಎರಡು. ವಿಶ್ವ ಆರೋಗ್ಯ ಸಂಸ್ಥೆಯ ಅಂತಾರಾಷ್ಟ್ರೀಯ ರೋಗ ವರ್ಗೀಕರಣ ಒಂದು. ಅದರ ಹನ್ನೊಂದನೆಯ ಆವೃತ್ತಿ 2022ರ ಜನವರಿ 1ರಂದು ಜಾರಿಗೆ ಬಂದಿತು. ಅಮೆರಿಕದ ಮನೋವೈದ್ಯರ ಸಂಘ 1952ರಿಂದ ಪ್ರಕಟಿಸುತ್ತಿರುವ ಕೈಪಿಡಿ ಇನ್ನೊಂದು. ಇವುಗಳಲ್ಲಿ ಬರುವ ಗುಂಪುಗಳು ಹಲವು. ಬುದ್ಧಿಮಾಂದ್ಯ, ಆಟಿಸಂನಂಥ ಬೆಳವಣಿಗೆಯ ತೊಂದರೆಗಳು, ಇಚ್ಛಿತ್ತ ವಿಕಲತೆ, ಖಿನ್ನತೆ ಮುಂತಾದ ಭಾವನೆಯ ಕಾಯಿಲೆಗಳು, ಆತಂಕ, ಗೀಳು, ಆಘಾತದ ನಂತರ ಬರುವವು, ಆಹಾರ ಸೇವನೆಯ ತೊಂದರೆಗಳು, ಮದ್ಯ ಮತ್ತು ಮಾದಕ ವಸ್ತುಗಳ ಚಟ, ವ್ಯಕ್ತಿತ್ವ ದೋಷ, ಮುಪ್ಪಿನಲ್ಲಿ ಹೆಚ್ಚಾಗಿ ಕಾಣುವ ಮರೆವಿನ ಕಾಯಿಲೆ. ಅಂದ ಹಾಗೆ, ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಪಾಲನೆ ಕಾಯಿದೆ ಬುದ್ಧಿಮಾಂದ್ಯವನ್ನು 'ಮಾನಸಿಕ ಕಾಯಿಲೆ'ಯ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ವೈದ್ಯರ ಪಟ್ಟಿ ಒಂದು ರೀತಿ, ಕಾನೂನಿನ ಪಟ್ಟಿ ಇನ್ನೊಂದು ರೀತಿ.

ಈಗ ಮುಖ್ಯ ಪ್ರಶ್ನೆ. ಸಕ್ಕರೆ ಕಾಯಿಲೆಗೆ ರಕ್ತಪರೀಕ್ಷೆ ಇದೆ. ಖಿನ್ನತೆಯನ್ನು ತೋರಿಸಿಕೊಡುವ ಅಂಥ ರಕ್ತಪರೀಕ್ಷೆ ಇಲ್ಲ. ಹಾಗಾದರೆ ವೈದ್ಯರು ಹೇಗೆ ನಿರ್ಧರಿಸುತ್ತಾರೆ? ಅವರು ಲಕ್ಷಣಗಳನ್ನು ಎಣಿಸುತ್ತಾರೆ, ಎಷ್ಟು ದಿನದಿಂದ ಇವೆ ಎಂದು ಕೇಳುತ್ತಾರೆ, ಇವುಗಳಿಂದ ಓದು, ಕೆಲಸ, ಸಂಸಾರ ಎಷ್ಟು ಕೆಟ್ಟಿದೆ ಎಂದು ವಿಚಾರಿಸುತ್ತಾರೆ. ಬೇರೆ ಕಾರಣವಿದೆಯೇ ಎಂದೂ ನೋಡುತ್ತಾರೆ. ಥೈರಾಯ್ಡ್ ಗ್ರಂಥಿ ಸರಿಯಾಗಿ ಕೆಲಸ ಮಾಡದಿದ್ದರೂ ಮನುಷ್ಯ ಮಂಕಾಗಬಹುದು. ಅದಕ್ಕೆ ಮಾತ್ರ ರಕ್ತಪರೀಕ್ಷೆ ಬೇಕು.

ಖಿನ್ನತೆಯನ್ನೇ ನೋಡಿ. ಹೊಸ ಪಟ್ಟಿಯ ಪ್ರಕಾರ ಹತ್ತು ಲಕ್ಷಣಗಳಲ್ಲಿ ಐದಾದರೂ, ಹೆಚ್ಚುಕಡಿಮೆ ಪ್ರತಿದಿನ, ದಿನದ ಬಹುಭಾಗ, ಕನಿಷ್ಠ ಎರಡು ವಾರ ಇರಬೇಕು. ಅವುಗಳಲ್ಲಿ ಬೇಸರ ಅಥವಾ ನಿರಾಸಕ್ತಿ ಒಂದಾದರೂ ಇರಲೇಬೇಕು. ಉಳಿದವು ಯಾವುವು? ಗಮನ ನಿಲ್ಲದಿರುವುದು, ತಾನು ಕೆಲಸಕ್ಕೆ ಬಾರದವನೆಂಬ ಭಾವನೆ, ಭರವಸೆ ಇಲ್ಲದಿರುವುದು, ಸಾವಿನ ಯೋಚನೆ, ನಿದ್ರೆ ಮತ್ತು ಹಸಿವಿನ ಏರುಪೇರು, ಚಡಪಡಿಕೆ ಅಥವಾ ನಿಧಾನ, ಸುಸ್ತು. ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದು ಮೂರು ದಿನ ಅತ್ತವರು ಈ ವರ್ಗಕ್ಕೆ ಬರುವುದಿಲ್ಲ. ಅದು ದುಃಖ. ಆದರೆ ಮೊದಲು ಚೆನ್ನಾಗಿ ಓದುತ್ತಿದ್ದ ಹುಡುಗಿ ತಿಂಗಳಿನಿಂದ ಪುಸ್ತಕ ಮುಟ್ಟದೆ, ಗೆಳತಿಯರನ್ನು ಮಾತನಾಡಿಸದೆ, ನಸುಕಿಗೇ ಎಚ್ಚರವಾಗಿ ಸುಮ್ಮನೆ ಮಲಗಿದ್ದರೆ? ಮನೆಯವರು ಅವಳನ್ನು 'ಸೋಮಾರಿ' ಎನ್ನುತ್ತಾರೆ. ಅದೂ ಒಂದು ವರ್ಗೀಕರಣವೇ. ಅದರಿಂದ ಬೈಗುಳ ಸಿಗುತ್ತದೆ, ಚಿಕಿತ್ಸೆ ಸಿಗುವುದಿಲ್ಲ.

ಇದು ಎಷ್ಟು ದೊಡ್ಡ ಸಂಗತಿಯೆಂದು ತಿಳಿಯಲು ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯನ್ನು ನೋಡಬಹುದು. ಕರ್ನಾಟಕ ಆ ಹನ್ನೆರಡರಲ್ಲಿ ಇರಲಿಲ್ಲ. ಕೋಲಾರ ಜಿಲ್ಲೆಯಲ್ಲಿ ಪೂರ್ವಭಾವಿ ಸಮೀಕ್ಷೆ ನಡೆಯಿತು. ವಯಸ್ಕರಲ್ಲಿ 100ಕ್ಕೆ 10.6 ಮಂದಿಗೆ ಆ ಹೊತ್ತಿನಲ್ಲಿ ಯಾವುದಾದರೊಂದು ಮನೋರೋಗವಿತ್ತು. ಜನ 'ಹುಚ್ಚು' ಎಂದಾಗ ಕಣ್ಮುಂದೆ ಬರುವಂಥ ತೀವ್ರ ಕಾಯಿಲೆಗಳ ಪಾಲು 0.8 ಮಾತ್ರ. ಖಿನ್ನತೆ ಇದ್ದವರಲ್ಲಿ 100ಕ್ಕೆ ಸುಮಾರು 85 ಮಂದಿ ಚಿಕಿತ್ಸೆಯ ಹೊರಗೇ ಉಳಿದಿದ್ದರು.

ಪಟ್ಟಿಗಳು ಶಿಲಾಶಾಸನಗಳಲ್ಲ. ಸಲಿಂಗ ಪ್ರೇಮವನ್ನು ಒಂದು ಕಾಲಕ್ಕೆ ರೋಗವೆಂದು ಬರೆದಿದ್ದರು. ಅಮೆರಿಕದ ಸಂಘ 1973ರಲ್ಲಿ ಅದನ್ನು ಕೈಬಿಟ್ಟಿತು, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ. ಇನ್ನೊಂದು ಕಡೆ, ಹೊಸ ಪಟ್ಟಿಗೆ ವಿಡಿಯೊ ಆಟದ ಚಟ ಸೇರಿದೆ. ನಿಮ್ಹಾನ್ಸ್ ತಂತ್ರಜ್ಞಾನದ ಅತಿಬಳಕೆಗೆಂದೇ 2014ರಲ್ಲಿ ಒಂದು ಕ್ಲಿನಿಕ್ ತೆರೆದಿತ್ತು. ಇಲ್ಲಿಯೂ ಎರಡು ಗಂಟೆ ಆಡಿದಿರೋ ನಾಲ್ಕು ಗಂಟೆಯೋ ಎಂಬುದು ಅಳತೆಯಲ್ಲ. ಹಿಡಿತ ತಪ್ಪಿ, ಬೇರೆಲ್ಲ ಬಿಟ್ಟುಹೋಗಿ, ಸಾಮಾನ್ಯವಾಗಿ ಒಂದು ವರ್ಷ ಹಾಗೆಯೇ ನಡೆದಿರಬೇಕು.

ನಮ್ಮ ನಾಡಿನವರಿಗೆ ಇನ್ನೂ ಕುತೂಹಲದ ಸಂಗತಿ ಮೈಮೇಲೆ ದೇವರು ಬರುವುದು. ಇದು ರೋಗವೇ? ವರ್ಗೀಕರಣ ಜಾಣತನದಿಂದ ಉತ್ತರಿಸಿದೆ. ಜಾತ್ರೆಯಲ್ಲಿ, ಕೋಲದಲ್ಲಿ, ಆಯಾ ಸಮುದಾಯ ಒಪ್ಪಿದ ಆಚರಣೆಯ ಭಾಗವಾಗಿ ಬಂದರೆ ರೋಗವಲ್ಲ. ಆಚರಣೆಯ ಹೊರಗೆ, ತನ್ನ ಇಚ್ಛೆಯಿಲ್ಲದೆ, ಮತ್ತೆ ಮತ್ತೆ ಬಂದು ಬದುಕನ್ನು ಕೆಡಿಸುತ್ತಿದ್ದರೆ ಚಿಕಿತ್ಸೆ ಬೇಕು. ಅನುಭವ ಒಂದೇ ಬಗೆಯದಾದರೂ ಸಂದರ್ಭ ನೋಡಿ ವರ್ಗ ಬದಲಾಗುತ್ತದೆ.

ರೋಗದ ಹೆಸರು ಹುಡುಕುವುದು ವೈದ್ಯರ ಕೆಲಸ. ಪುಸ್ತಕ ಓದಿ ಗೆಳೆಯರಿಗೆ ಹೆಸರಿಡಬೇಡಿ. ಯಾವಾಗಿನಿಂದ, ಏನೇನು, ಯಾವ ಕೆಲಸ ನಿಂತುಹೋಗಿದೆ ಎಂಬ ಮೂರನ್ನು ಬರೆದುಕೊಂಡು ಹೋದರೆ ಅವರ ಅರ್ಧ ಕೆಲಸ ಮುಗಿದಂತೆ. ಸಾವಿನ ಯೋಚನೆ ಬರುತ್ತಿದ್ದರೆ ಎರಡು ವಾರ ಎಣಿಸುತ್ತ ಕೂರಬೇಡಿ, ಅಂದೇ ಯಾರಿಗಾದರೂ ಹೇಳಿ. ಆಸ್ಪತ್ರೆಯ ಗೇಟಿನೊಳಗೆ ಹೋಗಲು ಸಂಕೋಚವಾದರೆ ಟೆಲಿ ಮಾನಸ್ ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆಯ ಸಂಖ್ಯೆ 14416. ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು.