ಬೀಳುವಾಗ ಕೈ ಆಡುತ್ತದೆಯೇ? ಪ್ಯಾರಾಚೂಟ್ ಕಲಿಯುವವರ ಕೆಲವು ತಪ್ಪು ಕಲ್ಪನೆಗಳು

ಎತ್ತರದಿಂದ ಬೀಳುವವನಿಗೆ ಉಸಿರು ಕಟ್ಟುತ್ತದೆ, ಎಚ್ಚರ ತಪ್ಪುತ್ತದೆ, ಎಚ್ಚರವಿದ್ದರೂ ಕೈ ಆಡುವುದಿಲ್ಲ. ವಿಮಾನಗಳು ಇನ್ನೂ ಹೊಸತಾಗಿದ್ದ ಕಾಲದಲ್ಲಿ ಓದಿ ತಿಳಿದವರೂ ಹೀಗೆಂದು ನಂಬಿದ್ದರು. ಆಗಿನ ಪ್ಯಾರಾಚೂಟುಗಳಿಗೆ ಸಾಮಾನ್ಯವಾಗಿ ಒಂದು ಹಗ್ಗವಿರುತ್ತಿತ್ತು, ಅದರ ತುದಿಯನ್ನು ವಿಮಾನಕ್ಕೆ ಕಟ್ಟುತ್ತಿದ್ದರು. ಮನುಷ್ಯ ಜಿಗಿದೊಡನೆ ಹಗ್ಗ ಬಿಗಿದು ಪ್ಯಾರಾಚೂಟನ್ನು ಎಳೆದು ಬಿಡಿಸುತ್ತಿತ್ತು. 1914ರಲ್ಲಿ ಸ್ಯಾನ್ ಡಿಯಾಗೋದಲ್ಲಿ ಅಮೆರಿಕದ ಸೇನೆಯವರಿಗೆ ಜಿಗಿದು ತೋರಿಸುತ್ತಿದ್ದ ಟೈನಿ ಬ್ರಾಡ್ವಿಕ್ ಎಂಬ ಯುವತಿಯ ಹಗ್ಗ ವಿಮಾನದ ಬಾಲಕ್ಕೆ ಸಿಕ್ಕಿಕೊಂಡಿತು. ಮುಂದಿನ ಜಿಗಿತಕ್ಕೆ ಆಕೆ ಆ ಹಗ್ಗವನ್ನು ಮೋಟು ಮಾಡಿಕೊಂಡು, ವಿಮಾನದ ಹಂಗಿಲ್ಲದೆ ಹೊರಬಿದ್ದು, ಉಳಿದ ತುಂಡನ್ನು ತಾನೇ ಎಳೆದು ಕ್ಷೇಮವಾಗಿ ಇಳಿದಳು. ನಂಬಿಕೆ ಅಷ್ಟಕ್ಕೇ ಸಾಯಲಿಲ್ಲ. 1919ರ ಏಪ್ರಿಲ್ 28ರಂದು ಓಹಿಯೋದ ಮೆಕುಕ್ ಫೀಲ್ಡ್‌ನಲ್ಲಿ ಲೆಸ್ಲಿ ಅರ್ವಿನ್ ಸುಮಾರು 1,500 ಅಡಿ ಎತ್ತರದಿಂದ ಜಿಗಿದು, ಬೀಳುತ್ತಲೇ ತನ್ನ ಕೈಯಾರೆ ಪ್ಯಾರಾಚೂಟ್ ತೆರೆದ. ನೆಲಕ್ಕೆ ಬಂದಾಗ ಪಾದದ ಕೀಲು ಮುರಿದಿತ್ತು. ಆದರೆ ಕೈ ಆಡುತ್ತದೆ ಎಂಬುದು ಎಲ್ಲರ ಕಣ್ಣೆದುರೇ ರುಜುವಾಗಿತ್ತು.

ನೂರು ವರ್ಷ ಕಳೆದರೂ ಆ ಅನುಮಾನ ಬೇರೆ ಬೇರೆ ವೇಷದಲ್ಲಿ ಉಳಿದುಕೊಂಡಿದೆ. ಅಮೆರಿಕಕ್ಕೆ ಓದಲು, ಕೆಲಸಕ್ಕೆ ಹೋದ ನಮ್ಮ ಹುಡುಗ ಹುಡುಗಿಯರು ರಜೆಯಲ್ಲಿ ಒಮ್ಮೆ ಗುರುವಿನ ಎದೆಗೆ ಬಿಗಿಸಿಕೊಂಡು ‘ಟ್ಯಾಂಡಮ್’ ಜಿಗಿತ ಮಾಡುತ್ತಾರೆ. ಅದು ಹಿಡಿಸಿದರೆ ಒಬ್ಬರೇ ಜಿಗಿಯುವ ಪಾಠಕ್ಕೆ ಸೇರುತ್ತಾರೆ. ಟ್ಯಾಂಡಮ್‌ನಲ್ಲಿ ಪ್ಯಾರಾಚೂಟ್ ತೆರೆಯುವ ಹೊಣೆ ಹಿಂದೆ ಇರುವವರದು. ಇಲ್ಲಿ ಅದು ಕಲಿಯುವವರದೇ. ‘ಆ ಹೊತ್ತಿಗೆ ನನ್ನ ಕೈ ಹೋಗದಿದ್ದರೆ?’ ಎಂಬ ಪ್ರಶ್ನೆ ಹುಟ್ಟುವುದು ಆಗ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಸಿಗುವ ಅರೆಬರೆ ಉತ್ತರಗಳಿಂದಲೇ ತೊಂದರೆ.

“ಜಿಗಿದೊಡನೆ ಜೀವ ಬಾಯಿಗೆ ಬರುತ್ತದೆ, ಏನೂ ಮಾಡಲಾಗುವುದಿಲ್ಲ”

ಜಾತ್ರೆಯ ತೊಟ್ಟಿಲು ಕೆಳಗಿಳಿಯುವಾಗ ಹೊಟ್ಟೆಯಲ್ಲಿ ಆಗುವ ಕಸಿವಿಸಿಯನ್ನೇ ಇಲ್ಲೂ ನಿರೀಕ್ಷಿಸುವವರು ಬಹಳ. ವಿಮಾನದಿಂದ ಜಿಗಿದಾಗ ಅದು ಬಹುಮಟ್ಟಿಗೆ ಆಗುವುದಿಲ್ಲ. ವಿಮಾನ ಆಗಲೇ ಮುಂದಕ್ಕೆ ವೇಗವಾಗಿ ಹೋಗುತ್ತಿರುತ್ತದೆ. ಬಾಗಿಲಿನಿಂದ ಹೊರಬಿದ್ದವರನ್ನು ಮೊದಲ ಕ್ಷಣದಿಂದಲೇ ಎದುರುಗಾಳಿ ಹಿಡಿಯುತ್ತದೆ. ಹತ್ತು ಹನ್ನೆರಡು ಸೆಕೆಂಡುಗಳಲ್ಲಿ ಬೀಳುವ ವೇಗ ಗಂಟೆಗೆ ಸುಮಾರು 190 ಕಿ.ಮೀ. ಮುಟ್ಟಿ ಅಲ್ಲೇ ನಿಲ್ಲುತ್ತದೆ. ಗಾಳಿ ಅಷ್ಟು ಗಟ್ಟಿಯಾಗಿ ಎದೆಗೆ ಒತ್ತುತ್ತದೆ ಎಂದರೆ, ಬೀಳುತ್ತಿದ್ದೇನೆ ಅನ್ನುವುದಕ್ಕಿಂತ ಏನೋ ಎತ್ತಿ ಹಿಡಿದಿದೆ ಅನ್ನಿಸುತ್ತದೆ. ಉಸಿರಾಡಬಹುದು. ಮಾತು ಮಾತ್ರ ಕೇಳುವುದಿಲ್ಲ, ಅದಕ್ಕೇ ಗುರುಗಳು ಕೈಸನ್ನೆ ಬಳಸುತ್ತಾರೆ. ಗಾಳಿಯಲ್ಲಿ ತೇಲುತ್ತಾ ಹರಟೆ ಹೊಡೆಯುವುದು ಸಿನಿಮಾದವರಿಗಷ್ಟೇ ಸಾಧ್ಯ.

ಕೈಯ ವಿಷಯಕ್ಕೆ ಬರೋಣ, ಇದನ್ನು ಹತ್ತಿರದಿಂದ ನೋಡಬೇಕು. ಈಗಿನ ಬಹುಪಾಲು ಪ್ಯಾರಾಚೂಟ್ ಚೀಲಗಳಲ್ಲಿ ತೆರೆಯುವ ಹಿಡಿ ಇರುವುದು ಬೆನ್ನಿನ ಚೀಲದ ಕೆಳಗಿನ ಬಲಮೂಲೆಯಲ್ಲಿ, ಸೊಂಟದ ಹಿಂದೆ. ಬೀಳುವವರ ಕಣ್ಣಿಗೆ ಅದು ಕಾಣದು. ಅಂಗೈ ಚೀಲದ ಅಂಚನ್ನು ಸವರುತ್ತಾ ಹೋಗಿ ಆ ಪುಟ್ಟ ಹಿಡಿಯನ್ನು ಮುಟ್ಟಿಯೇ ಗುರುತಿಸಬೇಕು. ಹಿಡಿಗೆ ಅಂಟಿಕೊಂಡಿರುವ ಪೈಲಟ್ ಚೂಟ್ ಎಂಬ ಚಿಕ್ಕ ಕೊಡೆಯನ್ನು ಹೊರಗೆಳೆದು ಗಾಳಿಗೆ ಎಸೆದರೆ, ಅದು ಗಾಳಿ ತುಂಬಿಕೊಂಡು ದೊಡ್ಡದನ್ನು ಎಳೆದು ತರುತ್ತದೆ. ಬಲಗೈ ಹಿಂದಕ್ಕೆ ಹೋಗುವಾಗ ಎಡಗೈ ಸುಮ್ಮನಿದ್ದರೆ ಗಾಳಿಯ ಒತ್ತಡ ಎರಡೂ ಕಡೆ ಒಂದೇ ಸಮ ಇರುವುದಿಲ್ಲ, ಮೈ ತಿರುಗತೊಡಗುತ್ತದೆ. ಆದ್ದರಿಂದ ಅದೇ ಗಳಿಗೆಯಲ್ಲಿ ಎಡಗೈಯನ್ನು ತಲೆಯ ಮುಂದಕ್ಕೆ ತರಬೇಕು, ಸೊಂಟವನ್ನು ಮುಂದಕ್ಕೆ ಒತ್ತಿರಬೇಕು, ಕಾಲು ಚಾಚಿರಬೇಕು. ‘ಕೈ ಹೋಗಲಿಲ್ಲ’ ಎನ್ನುವ ಎಷ್ಟೋ ಪ್ರಸಂಗಗಳಲ್ಲಿ ಕೈಗೆ ಏನೂ ಆಗಿರುವುದಿಲ್ಲ. ಎಡಗೈಯನ್ನು ಮರೆತಿದ್ದರಿಂದ ಮೈ ತಿರುಗಿರುತ್ತದೆ, ಗಾಬರಿಗೊಂಡವರು ಬಲಗೈಯನ್ನು ವಾಪಸು ತಂದುಕೊಂಡಿರುತ್ತಾರೆ.

“ಮೊದಲು ಮೈ ಸ್ಥಿರವಾಗಲಿ, ಆಮೇಲೆ ತೆರೆಯೋಣ”

ನನ್ನ ಮಟ್ಟಿಗೆ ಇಲ್ಲಿರುವ ಎಲ್ಲ ತಪ್ಪು ಕಲ್ಪನೆಗಳಲ್ಲಿ ಅತ್ಯಂತ ಅಪಾಯದ್ದು ಇದು. ಯಾಕೆಂದರೆ ಇದು ಬುದ್ಧಿವಂತಿಕೆಯ ಮಾತಿನಂತೆ ಕೇಳುತ್ತದೆ. ಮೈ ಉರುಳುತ್ತಿರುವಾಗ ತೆರೆದರೆ ಹಗ್ಗಗಳು ಸುತ್ತಿಕೊಳ್ಳಬಹುದು ಎಂಬುದೂ ನಿಜ. ಆದರೆ ಮೈಯನ್ನು ಸರಿಪಡಿಸಿಕೊಳ್ಳುವ ಹೋರಾಟಕ್ಕೆ ಇಳಿದವರು ಎತ್ತರವನ್ನು ಮರೆಯುತ್ತಾರೆ, ಮತ್ತು ಎತ್ತರ ಕಾಯುವುದಿಲ್ಲ. ಆ ವೇಗದಲ್ಲಿ 1,000 ಅಡಿ ಕಳೆಯಲು ಐದೂವರೆ ಸೆಕೆಂಡು ಸಾಕು. ಕಲಿಯುವವರು ಸಾಮಾನ್ಯವಾಗಿ 5,500 ಅಡಿಯಲ್ಲಿ ತೆರೆಯಬೇಕು. ತೆರೆದದ್ದು ಸರಿಯಿಲ್ಲದಿದ್ದರೆ ಅದನ್ನು ಕಳಚಿ ಮೀಸಲು ಪ್ಯಾರಾಚೂಟಿಗೆ ಹೋಗುವ ತೀರ್ಮಾನವನ್ನು 2,500 ಅಡಿಗೆ ಇಳಿಯುವುದರೊಳಗೆ ಮಾಡಿರಬೇಕು. ಏನೂ ತೆರೆಯದೆ ಬೀಳುತ್ತಿರುವವರಿಗೆ ಈ ಎರಡರ ನಡುವೆ ಸಿಗುವುದು ಹದಿನೇಳು ಸೆಕೆಂಡುಗಳ ಆಸುಪಾಸು.

ಅದಕ್ಕೇ ಅಮೆರಿಕದ ಪ್ಯಾರಾಚೂಟ್ ಸಂಘ ಯುಎಸ್‌ಪಿಎ ಮೂರು ಆದ್ಯತೆಗಳನ್ನು ಹೇಳಿಕೊಡುತ್ತದೆ. ಒಂದು, ತೆರೆಯಬೇಕು. ಎರಡು, ಸರಿಯಾದ ಎತ್ತರದಲ್ಲಿ ತೆರೆಯಬೇಕು. ಮೂರು, ಮೈ ಸ್ಥಿರವಾಗಿರುವಾಗ ತೆರೆಯಬೇಕು. ಸ್ಥಿರತೆ ಮೂರನೆಯದು. ಎತ್ತರಮಾಪಕ 5,500 ತೋರಿಸುತ್ತಿದ್ದು ಮೈ ತಿರುಗುತ್ತಿದ್ದರೂ ಕೈ ಹಿಂದಕ್ಕೆ ಹೋಗಲೇಬೇಕು. ಹಿಡಿ ಸಿಗದಿದ್ದರೆ ಎರಡು ಸಲ ತಡಕಬಹುದು. ಮೂರನೆಯ ಸಲ ಇಲ್ಲ, ನೇರ ಮೀಸಲು ಪ್ಯಾರಾಚೂಟ್. ಈ ಕ್ರಮವನ್ನು ನೆಲದ ಮೇಲೆಯೇ ತೀರ್ಮಾನಿಸಿಕೊಂಡು ಹೋದವರಿಗೆ ಆಕಾಶದಲ್ಲಿ ಯೋಚಿಸುವ ಕೆಲಸ ಬಹಳ ಕಡಿಮೆ. ಆತ್ಮವಿಶ್ವಾಸ ಎಂದು ನಾವು ಕರೆಯುವುದರ ಮುಕ್ಕಾಲು ಪಾಲು ಇದೇ ಎಂದು ನಾನು ನಂಬುತ್ತೇನೆ.

“ಹೆದರಿಕೆ ಹೋದ ಮೇಲೆ ಧೈರ್ಯ ಬರುತ್ತದೆ”

ಹೆದರಿಕೆ ಹೋಗಲಿ ಎಂದು ಕಾಯುವ ಅಗತ್ಯವೇ ಇಲ್ಲ. ಅದಕ್ಕಾಗಿ ಕಾಯುವ ವಿದ್ಯಾರ್ಥಿ ಪ್ರತಿ ಸಲವೂ ಎದೆ ಬಡಿತ ಎಣಿಸುತ್ತಾ ‘ಇನ್ನೂ ಆಗಿಲ್ಲ’ ಎಂದುಕೊಳ್ಳುತ್ತಾನೆ. ಕಲಿಸುವವರು ಮಾಡುವುದು ಬೇರೆ ಕೆಲಸ. ನೆಲದ ಮೇಲೆ ಹೊಟ್ಟೆಯಡಿಯಾಗಿ ಮಲಗಿಸಿ, ಚೀಲ ಹೊರಿಸಿ, ಕೈ ಬೀಸಿ ಸುತ್ತಲಿನವರಿಗೆ ಸೂಚಿಸುವುದು, ಹಿಡಿಯನ್ನು ಮುಟ್ಟುವುದು, ಎಸೆಯುವುದು, ಎಣಿಸುವುದು, ಇಷ್ಟನ್ನೂ ಬೇಸರ ಬರುವಷ್ಟು ಸಲ ಮಾಡಿಸುತ್ತಾರೆ. ಮೊದಲ ಜಿಗಿತದಲ್ಲೇ, ತೆರೆಯುವ ಎತ್ತರಕ್ಕೆ ಬಹಳ ಮೇಲೆ, ಹಿಡಿಯನ್ನು ಬರೀ ಮುಟ್ಟಿ ಕೈ ವಾಪಸು ತರುವ ಅಭ್ಯಾಸ ಇರುತ್ತದೆ. ಸಾಮಾನ್ಯವಾಗಿ ಮೂರು ಸಲ. ಅಲ್ಲಿ ಬೆರಳಿಗೆ ಹಿಡಿ ತಗುಲಿದ ವಿದ್ಯಾರ್ಥಿಗೆ, ನಿಜವಾಗಿ ಎಳೆಯುವಾಗ ಅದು ಎಲ್ಲಿದೆ ಎಂಬ ಅನುಮಾನ ಉಳಿಯುವುದಿಲ್ಲ. ಆಗಲೂ ಎದೆ ಹೊಡೆದುಕೊಳ್ಳುತ್ತಿರುತ್ತದೆ. ಹೊಡೆದುಕೊಳ್ಳಲಿ.

“ನಾನು ತೆರೆಯದಿದ್ದರೂ ಗುರು ಇದ್ದಾರೆ, ಯಂತ್ರ ಇದೆ”

1980ರ ದಶಕದ ಆರಂಭದಲ್ಲಿ ಬಳಕೆಗೆ ಬಂದ ಎಎಫ್‌ಎಫ್ ಎಂಬ ತರಬೇತಿಯಲ್ಲಿ ಮೊದಲ ಜಿಗಿತಗಳಲ್ಲಿ ಇಬ್ಬರು ಗುರುಗಳು ಅಕ್ಕಪಕ್ಕ ಹಿಡಿದುಕೊಂಡೇ ಬೀಳುತ್ತಾರೆ. ವಿದ್ಯಾರ್ಥಿ ಮರೆತರೆ ಸನ್ನೆ ಮಾಡುತ್ತಾರೆ, ಅದೂ ಆಗದಿದ್ದರೆ ತಾವೇ ತೆರೆಯುತ್ತಾರೆ. ಬಾವಿಯಲ್ಲಿ ಈಜು ಕಲಿಸುವಾಗ ಬೆನ್ನಿಗೆ ಕಟ್ಟುತ್ತಿದ್ದ ಸೋರೆಬುರುಡೆಯ ಹಾಗೆ ಇದು. ಬುರುಡೆ ಮುಳುಗಲು ಬಿಡುವುದಿಲ್ಲ, ಕೈಕಾಲು ಬಡಿಯುವುದು ಮಾತ್ರ ಕಲಿಯುವವರದೇ. ಕೆಲವು ಜಿಗಿತಗಳಾದ ಮೇಲೆ ಗುರುಗಳು ಕೈ ಬಿಡುತ್ತಾರೆ. ಬಿಟ್ಟ ಮೇಲೆ ಉರುಳುತ್ತಿರುವ ವಿದ್ಯಾರ್ಥಿಯನ್ನು ಮತ್ತೆ ಹಿಡಿಯಲು ಆಗಿಯೇ ಆಗುತ್ತದೆ ಎಂದು ಯಾರೂ ಮಾತು ಕೊಡಲಾರರು. ಗುರುವೇ ತೆರೆಯಬೇಕಾಗಿ ಬಂದರೆ ಆ ಹಂತವನ್ನು ಮತ್ತೊಮ್ಮೆ ಮಾಡಿಸುತ್ತಾರೆ. ಅದನ್ನು ಅವಮಾನ ಎಂದುಕೊಳ್ಳುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಕೈಗೆ ಇನ್ನೊಂದಿಷ್ಟು ರೂಢಿ ಬೇಕು ಎಂಬುದಷ್ಟೇ ಅದರ ಅರ್ಥ.

ಇನ್ನು ಯಂತ್ರ. 1991ರಲ್ಲಿ ಜರ್ಮನಿಯ ಹೆಲ್ಮುಟ್ ಕ್ಲೋತ್ ತಂದ ಸೈಪ್ರೆಸ್ ಎಂಬ ಉಪಕರಣ ಮತ್ತು ಅದರಂಥ ಇತರ ಉಪಕರಣಗಳು ಎಷ್ಟೋ ಜೀವ ಉಳಿಸಿವೆ. ಗಾಳಿಯ ಒತ್ತಡದಿಂದ ಎತ್ತರವನ್ನೂ ವೇಗವನ್ನೂ ಲೆಕ್ಕ ಹಾಕಿ, ತೀರಾ ಕೆಳಗೆ ಬಂದರೂ ವೇಗ ಇಳಿಯದಿದ್ದರೆ ಅದು ಚೀಲದ ಬಿಗಿಕುಣಿಕೆಯನ್ನು ಕತ್ತರಿಸುತ್ತದೆ. ತೆರೆದುಕೊಳ್ಳುವುದು ಮೀಸಲು ಪ್ಯಾರಾಚೂಟ್, ಅದೂ 1,000 ಅಡಿ ಅಥವಾ ಅದಕ್ಕೂ ಕೆಳಗೆ. ಅಲ್ಲಿಂದ ನೆಲಕ್ಕೆ ಕೆಲವೇ ಸೆಕೆಂಡು. ಅದನ್ನು ನಂಬಿ 5,500 ಅಡಿಯಲ್ಲಿ ಕೈ ಕಟ್ಟಿ ಕೂರುವ ಯೋಜನೆ ಯೋಜನೆಯೇ ಅಲ್ಲ.

ಸೇನೆಯ ಪ್ಯಾರಾ ಜಿಗಿತ ನೋಡಿದವರಿಗೆ ಇಲ್ಲೊಂದು ಗೊಂದಲ ಬರುವುದು ಸಹಜ. ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ಬೆಂಗಳೂರಿನಲ್ಲೇ ಇರುವುದರಿಂದ ನಮ್ಮಲ್ಲಿ ಅಂಥ ಸೈನಿಕರ ಪರಿಚಯವಿರುವ ಮನೆಗಳು ಕಡಿಮೆಯಿಲ್ಲ. ಸೈನಿಕರು ಸಾಲಾಗಿ ಜಿಗಿಯುವ ಮೂಲ ಪದ್ಧತಿಯಲ್ಲಿ ವಿಮಾನಕ್ಕೆ ಸಿಕ್ಕಿಸಿದ ಪಟ್ಟಿಯೇ ಪ್ಯಾರಾಚೂಟನ್ನು ತೆರೆಯುತ್ತದೆ. ‘ಅದು ತಾನಾಗಿ ತೆರೆಯುತ್ತದಲ್ಲ’ ಎಂಬ ಮಾತು ಅಲ್ಲಿಗೆ ಸರಿ. ತನ್ನ ಕೈಯಿಂದ ತೆರೆಯುವ ಜಿಗಿತಕ್ಕೆ ಅದು ಅನ್ವಯಿಸದು.

“ತೆರೆದೊಡನೆ ಮೇಲಕ್ಕೆ ಚಿಮ್ಮುತ್ತಾರೆ”

ವಿಡಿಯೋದಲ್ಲಿ ಹಾಗೆ ಕಾಣುತ್ತದೆ, ಯಾಕೆಂದರೆ ಚಿತ್ರ ತೆಗೆಯುವವರು ಇನ್ನೂ ಅದೇ ವೇಗದಲ್ಲಿ ಬೀಳುತ್ತಿರುತ್ತಾರೆ. ತೆರೆದವರ ವೇಗ ತಗ್ಗುತ್ತದೆಯೇ ಹೊರತು ಅವರು ಮೇಲೆ ಹೋಗುವುದಿಲ್ಲ. ಆ ತಗ್ಗುವಿಕೆಯೂ ಒಮ್ಮೆಲೇ ಆಗುವುದಿಲ್ಲ, ಮೂರು ನಾಲ್ಕು ಸೆಕೆಂಡು ಹಿಡಿಯುತ್ತದೆ. ಹಗ್ಗಗಳ ಮೇಲೆ ಜಾರುವ ಸ್ಲೈಡರ್ ಎಂಬ ಬಟ್ಟೆಯ ಚೌಕ ಪ್ಯಾರಾಚೂಟ್ ಒಮ್ಮೆಲೇ ಬಿಚ್ಚಿಕೊಂಡು ಮೈಗೆ ಹೊಡೆತ ಬೀಳದಂತೆ ತಡೆಯುತ್ತದೆ. ಇದು ತಿಳಿಯದವರು ಹಿಡಿ ಎಸೆದ ಮರುಕ್ಷಣವೇ ‘ತೆರೆಯಲಿಲ್ಲ’ ಎಂದು ಕಂಗಾಲಾಗುತ್ತಾರೆ. ಅದಕ್ಕೇ ಗಟ್ಟಿಯಾಗಿ ಐದರವರೆಗೆ ಎಣಿಸಿ ತಲೆಯೆತ್ತಿ ನೋಡುವ ಪಾಠ.

ನೋಡಿದಾಗ ಹಗ್ಗ ಒಂದೆರಡು ಸುತ್ತು ಹೊಸೆದುಕೊಂಡಿರಬಹುದು, ಕೊನೆಯ ಕೋಶಗಳು ಮಡಚಿಕೊಂಡಿರಬಹುದು. ಇವು ಆಗಾಗ ಆಗುವಂಥವು. ಹೆಗಲ ಮೇಲಿನ ಪಟ್ಟಿಗಳನ್ನು ಅಗಲಿಸಿ ಕಾಲು ಬೀಸಿದರೆ ಸುತ್ತು ಬಿಚ್ಚುತ್ತದೆ, ದಿಕ್ಕು ತಿರುಗಿಸುವ ಹಿಡಿಕೆಗಳನ್ನು ಜಗ್ಗಿದರೆ ಕೋಶ ತುಂಬುತ್ತದೆ. ಮೇಲೆ ಪ್ಯಾರಾಚೂಟ್ ಇದೆಯೇ, ಚೌಕವಾಗಿದೆಯೇ, ಎಡಕ್ಕೂ ಬಲಕ್ಕೂ ಹೇಳಿದಂತೆ ತಿರುಗುತ್ತದೆಯೇ ಎಂದು ಪರೀಕ್ಷಿಸಬೇಕು. ನಿಗದಿತ ಎತ್ತರದೊಳಗೆ ಉತ್ತರ ‘ಇಲ್ಲ’ ಎಂದಾದರೆ ಮಾತ್ರ ಕಳಚಿ ಮೀಸಲಿಗೆ.

“ಸಾಯುವವರೆಲ್ಲ ಪ್ಯಾರಾಚೂಟ್ ತೆರೆಯದೆ ಸಾಯುತ್ತಾರೆ”

1970ರ ದಶಕದಲ್ಲಿ ಅಮೆರಿಕದಲ್ಲಿ ವರ್ಷಕ್ಕೆ ಸರಾಸರಿ ನಲವತ್ತಕ್ಕೂ ಹೆಚ್ಚು ಸಾವು ಸಂಭವಿಸುತ್ತಿತ್ತು. 2023ರಲ್ಲಿ ಅಂದಾಜು 36.5 ಲಕ್ಷ ಜಿಗಿತಗಳಿಗೆ ಯುಎಸ್‌ಪಿಎ ದಾಖಲಿಸಿದ್ದು 10. ಈಚಿನ ದಶಕಗಳ ಸಾವುಗಳಲ್ಲಿ ದೊಡ್ಡ ಪಾಲು ಚೆನ್ನಾಗಿ ತೆರೆದ ಪ್ಯಾರಾಚೂಟಿನ ಕೆಳಗೇ, ಇಳಿಯುವ ಹೊತ್ತಿನಲ್ಲಿ, ತೀರಾ ಕೆಳಗೆ ರಭಸವಾಗಿ ತಿರುಗಿಸಿದ್ದರಿಂದ ಆದವು. ತೆರೆಯುವ ಭಯದಲ್ಲೇ ಮುಳುಗಿ, ಇಳಿಯುವ ಪಾಠಕ್ಕೆ ಅರ್ಧ ಕಿವಿ ಕೊಡುವವರು ಇದನ್ನು ಗಮನಿಸಬೇಕು.

“ಮಡಿಕೆ ಸ್ವಲ್ಪ ತಪ್ಪಿದರೂ ಕತೆ ಮುಗಿಯಿತು”

ಬಟ್ಟೆ ಇಸ್ತ್ರಿ ಹಾಕಿದಂತೆ ಇರಬೇಕಿಲ್ಲ. ಹಗ್ಗಗಳು ಗೋಜಲಾಗದೆ ನೇರವಾಗಿರುವುದು, ಸ್ಲೈಡರ್ ಪೂರ್ತಿ ಮೇಲಿರುವುದು, ಬ್ರೇಕ್ ಸರಿಯಾಗಿ ಕೂತಿರುವುದು, ಪೈಲಟ್ ಚೂಟನ್ನು ಸಜ್ಜು ಮಾಡಿರುವುದು ಮುಖ್ಯ. ಮೀಸಲು ಪ್ಯಾರಾಚೂಟನ್ನು ಪರವಾನಗಿ ಇರುವ ರಿಗ್ಗರ್ ಮಾತ್ರ ಮಡಿಸಬೇಕು. ಅಮೆರಿಕದಲ್ಲಿ 180 ದಿನಕ್ಕೊಮ್ಮೆ ಅದನ್ನು ಬಿಚ್ಚಿ ಪರೀಕ್ಷಿಸಿ ಮತ್ತೆ ಮಡಿಸಬೇಕೆಂಬ ನಿಯಮವಿದೆ. ಮುಖ್ಯ ಪ್ಯಾರಾಚೂಟ್ ಮಡಿಸುವುದನ್ನು ವಿದ್ಯಾರ್ಥಿಗಳೂ ಕಲಿಯುತ್ತಾರೆ. ತೆರೆಯುವ ಬಗ್ಗೆ ಅಳುಕು ಇರುವವರು ಇದನ್ನು ಆದಷ್ಟು ಬೇಗ ಕಲಿಯಲಿ ಎಂಬುದು ನನ್ನ ಆಸೆ. ಯಾವ ಹಗ್ಗ ಯಾವುದನ್ನು ಎಳೆಯುತ್ತದೆ ಎಂದು ತಮ್ಮ ಕೈಯಲ್ಲೇ ನೋಡಿದವರಿಗೆ ಬೆನ್ನ ಮೇಲಿನ ಚೀಲ ನಿಗೂಢವಾಗಿ ಉಳಿಯುವುದಿಲ್ಲ. ಮಳೆಯೋ ಪರೀಕ್ಷೆಯೋ ಬಂದು ಜಿಗಿತದ ನಡುವೆ 30 ದಿನಕ್ಕಿಂತ ಹೆಚ್ಚು ಅಂತರ ಬಿದ್ದರೆ, ಮತ್ತೆ ಗುರುವಿನ ಕಣ್ಗಾವಲಿನಲ್ಲೇ ಶುರುಮಾಡಬೇಕು. ವಿಮಾನ ಹತ್ತುವ ಮೊದಲು ಆ ದಿನ ನೆಲದ ಮೇಲೆ ಹಿಡಿ ಮುಟ್ಟುವ ಅಭ್ಯಾಸವನ್ನು ಮೊದಲಿನಿಂದ ಮಾಡಿಸಿ ಎಂದು ಬಾಯಿಬಿಟ್ಟು ಕೇಳಿ.