ಮೊಗ್ಗಲ್ಲಾನನ ತಾಯಿಗೆ ಒಂದು ತುತ್ತು

ಮಹಾಲಯ ಅಮಾವಾಸ್ಯೆಯಂದು ಶೆಟ್ಟಿಹಳ್ಳಿಯ ಹಳೇ ಮನೆಗಳಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ಗೋಡೆಗೊರಗಿಸಿದ ಫೋಟೊ, ಮುಂದೆ ಮಡಿಚಿಟ್ಟ ಹೊಸ ಪಂಚೆ, ಸೀರೆ. ಬಾಳೆ ಎಲೆಯ ಮೇಲೆ ಕಜ್ಜಾಯ, ವಡೆ, ಮುದ್ದೆ, ಕೋಳಿಸಾರು. ಬೀಡಿ ಸೇದುತ್ತಿದ್ದ ತಾತನಿಗೆ ಒಂದು ಕಟ್ಟು ಬೀಡಿ. ಧೂಪ ಹಾಕಿ, ಬಾಗಿಲು ಮುಚ್ಚಿ, ಹಿರಿಯರು ಉಂಡುಹೋಗಲಿ ಎಂದು ಎಲ್ಲರೂ ಹೊರಗೆ ನಿಲ್ಲುತ್ತಾರೆ.

ಇದನ್ನೇ ಹೋಲುವ ಹಬ್ಬ ಚೀನಾದಲ್ಲೂ ಇದೆ. ಚೀನೀಯರು ಹಸಿದ ಪ್ರೇತಗಳಿಗೆ ಉಣಬಡಿಸುವುದು ತಮ್ಮ ಏಳನೇ ಚಾಂದ್ರಮಾಸದ ಹದಿನೈದನೇ ದಿನ. 2025ರಲ್ಲಿ ಅದು ಸೆಪ್ಟೆಂಬರ್ 6ಕ್ಕೆ ಬಿತ್ತು. ಎರಡು ದಿನ ಕಳೆದು ನಮ್ಮ ಪಿತೃಪಕ್ಷ. ಅವರ ಹಬ್ಬದ ಕಥೆಯ ನಾಯಕ ನಮ್ಮ ಮಗಧದವನೇ.

ಬುದ್ಧನ ಶಿಷ್ಯ ಮೊಗ್ಗಲ್ಲಾನ ದಿವ್ಯದೃಷ್ಟಿಯಿಂದ ಸತ್ತ ತಾಯಿಯನ್ನು ಹುಡುಕಿದ. ಆಕೆ ಪ್ರೇತಲೋಕದಲ್ಲಿ ಎಲುಬು ತೊಗಲಾಗಿದ್ದಳು. ಅನ್ನದ ಬಟ್ಟಲು ಕೊಟ್ಟರೆ ತುತ್ತು ಬಾಯಿಗೆ ಮುಟ್ಟುವ ಮೊದಲೇ ಕೆಂಡವಾಯಿತು. ಅಂಥ ಮಹಾಸಿದ್ಧನಿಗೂ ಹೆತ್ತವ್ವನ ಹಸಿವು ನೀಗಲಾಗಲಿಲ್ಲ. ಅತ್ತು ಬಂದವನಿಗೆ ಬುದ್ಧ ಹೇಳಿದ ದಾರಿ: ಮಳೆಗಾಲದ ವಾಸ ಮುಗಿಸುವ ದಿನ ಭಿಕ್ಷುಸಂಘಕ್ಕೆಲ್ಲ ಊಟವಿಕ್ಕು, ಆ ಪುಣ್ಯ ತಾಯಿಗೆ ಮುಟ್ಟುತ್ತದೆ.

ಈ ಕಥೆಯನ್ನು ಚೀನಾ ಎದೆಗೊತ್ತಿಕೊಂಡದ್ದಕ್ಕೆ ಕಾರಣವಿದೆ. ಮನೆ ಬಿಟ್ಟು, ತಲೆ ಬೋಳಿಸಿಕೊಂಡು, ವಂಶ ಬೆಳೆಸದ ಭಿಕ್ಷು ಹೆತ್ತವರ ಋಣ ತೀರಿಸುವುದೆಂತು ಎಂದು ಕನ್‌ಫ್ಯೂಷಿಯಸ್ ಪಂಥದವರು ಕೇಳುತ್ತಲೇ ಇದ್ದರು. ಚೀನೀ ಕಥನಗಳಲ್ಲಿ ನರಕಕ್ಕೇ ಇಳಿದು ತಾಯಿಯನ್ನು ಬಿಡಿಸಿಕೊಂಡು ಬರುವ ಸನ್ಯಾಸಿ ಮಗನೇ ಅದಕ್ಕೆ ಉತ್ತರವಾದ. ಚೀನೀಯರ ಬಾಯಲ್ಲಿ ಮೊಗ್ಗಲ್ಲಾನನೇ ಮುಲಿಯನ್. 6ನೇ ಶತಮಾನದ ಹೊತ್ತಿಗೆ ಹಬ್ಬ ಬೇರೂರಿತ್ತು. ತಾವೋ ಪಂಥದವರಿಗೂ ಅದೇ ದಿನ ಪರ್ವವಾಯಿತು. ಮುಲಿಯನ್ನನ ನರಕಯಾತ್ರೆಯ ಕಥನಗಳು ದುನ್‌ಹುವಾಂಗ್ ಗುಹೆಯ ಹಸ್ತಪ್ರತಿಗಳಲ್ಲಿ ಸಿಕ್ಕಿವೆ. ಮುಂದೆ ಆ ಕಥೆ ರಾತ್ರಿಗಟ್ಟಲೆ ಆಡುವ ನಾಟಕವೂ ಆಯಿತು.

  

ಏಳನೇ ತಿಂಗಳ ಹಬ್ಬದಲ್ಲಿ ನನ್ನನ್ನು ತುಂಬ ತಟ್ಟಿದ್ದು ಬೇರೆಯೇ ಸಂಗತಿ. ಸ್ವಂತ ಹಿರಿಯರಿಗೆ ಒಳಗೆ ಬಡಿಸಿದ ಮೇಲೆ, ದಿಕ್ಕಿಲ್ಲದೆ ಸತ್ತವರಿಗಾಗಿ ಬೀದಿಬದಿಯಲ್ಲೂ ಊಟವಿಟ್ಟು ಕಾಗದದ ಹಣ ಸುಡುತ್ತಾರೆ. ಇದೇ ತಿಂಗಳು ಸಿಂಗಪುರದಲ್ಲಿ ನಡೆಯುವ ಹಾಡುಮೇಳಗಳಲ್ಲಿ ಮೊದಲ ಸಾಲಿನ ಕುರ್ಚಿಗಳು ಪ್ರೇತಗಳಿಗೇ ಮೀಸಲು. ನಮ್ಮ ಮಹಾಲಯದಲ್ಲೂ ಆ ಕರುಣೆ ಉಂಟು. ಶ್ರೀರಂಗಪಟ್ಟಣದ ಕಾವೇರಿ ದಡದಲ್ಲಿ ಪಿಂಡವಿಡುವವರು ತಮ್ಮವರ ಹೆಸರೆಲ್ಲ ಹೇಳಿ ಮುಗಿಸಿದ ಮೇಲೆ ಧರ್ಮಪಿಂಡವೆಂದು ಇನ್ನೊಂದನ್ನು ಇಡುತ್ತಾರೆ; ಅದು ಹೆಸರು ಹಿಡಿದು ಕರೆಯಲು ಯಾರೂ ಉಳಿಯದವರ ಪಾಲು.